ಜಾನಕಿ ಬಂದಿದ್ದಾರೆ

ಜಾನಕಿಗೆ ಹೆಸರು ಬಂದದ್ದು ಸತ್ತವರಿಂದ. ಅದಕ್ಕೂ ಮುಂಚೆ ಹನ್ನೊಂದು ವರ್ಷ ಅವಳು ಬದುಕಿರುವವರ ಬಗ್ಗೆ ಬರೆದಿದ್ದಳು, ಯಾರೂ ಓದಿರಲಿಲ್ಲ.

ಮೈಸೂರಿನವಳು. ಮದುವೆಯಾಗಿ ಮುಂಬಯಿ ಹತ್ತಿರದ ಡೊಂಬಿವಲಿಗೆ ಬರುವಾಗ ಸೂಟ್‌ಕೇಸಿನಲ್ಲಿ ಸೀರೆಗಳ ಕೆಳಗೆ ಏಳು ಕಥೆಗಳನ್ನು ಇಟ್ಟುಕೊಂಡು ಬಂದಿದ್ದಳು. ಗಂಡ ಶ್ರೀನಿ ಫೈನಾನ್ಸ್ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದ. ಬೆಳಿಗ್ಗೆ ಫಾಸ್ಟ್ ಲೋಕಲ್ ರೈಲು ಹಿಡಿದು ಹೋದರೆ ಮನೆ ಸೇರುವುದು ದೀಪ ಹಚ್ಚಿದ ಮೇಲೆಯೇ. ಮಕ್ಕಳಾಗಲಿಲ್ಲ. ಹಗಲು ಪೂರ್ತಿ ಅವಳದೇ. ಬರೆದಳು, ಬೆಂಗಳೂರಿನ ಪತ್ರಿಕೆಗಳಿಗೆ ಕಳಿಸಿದಳು. ವಾಪಸು ಬರುವ ಲಕೋಟೆಗೆ ತಾನೇ ಅಂಚೆಚೀಟಿ ಅಂಟಿಸಿ ಕಳಿಸುತ್ತಿದ್ದರಿಂದ ಕಥೆಗಳು ತಪ್ಪದೆ ವಾಪಸು ಬಂದವು. "ನಿನ್ನ ಕಥೆಗಳು ನಮಗಿಂತ ಹೆಚ್ಚು ಸಲ ಊರಿಗೆ ಹೋಗಿ ಬರ್ತವೆ" ಎಂದು ಶ್ರೀನಿ ಒಮ್ಮೆ ಹೇಳಿದ. ತಮಾಷೆಗೆ ಹೇಳಿದ್ದು. ಆ ವಾರವೆಲ್ಲ ಅವಳು ಅವನ ಜೊತೆ ಮಾತಾಡಲಿಲ್ಲ.

ಥಾಣೆಯಿಂದ 'ಸಂಗಡಿಗ' ಎಂಬ ಕನ್ನಡ ವಾರಪತ್ರಿಕೆ ಹೊರಡುತ್ತಿತ್ತು. ಸ್ಟೇಷನ್ ಹತ್ತಿರ ಝೆರಾಕ್ಸ್ ಅಂಗಡಿಯ ಮೇಲಿನ ಒಂದು ಕೋಣೆಯೇ ಅದರ ಕಚೇರಿ. ಸಂಪಾದಕ ಅಂಬಾರಾಯ ಕಲಬುರ್ಗಿ ಕಡೆಯವರು. ಜಾನಕಿ ಅವರಿಗೆ ಕನ್ನಡ ಸಂಘಗಳ ಕಾರ್ಯಕ್ರಮಗಳ ವರದಿ ಬರೆದು ಕೊಡತೊಡಗಿದಳು. ಕಥೆ ಕೊಟ್ಟರೆ ಅವರು ಮೇಜಿನ ಖಾನೆಗೆ ಹಾಕಿ ಮರೆಯುತ್ತಿದ್ದರು. ವರದಿಗಾದರೂ ತನ್ನ ಹೆಸರು ಹಾಕಿ ಎಂದು ಒಂದು ದಿನ ಕೇಳಿಯೇಬಿಟ್ಟಳು.

"ಅಕ್ಕೋರ, ವೇದಿಕಿ ಮ್ಯಾಲ ಕುಂತವರದ ಒಂದ ಹೆಸರ ಬಿಟ್ರ ಸಂಘದವರು ಚಂದಾ ನಿಲ್ಲಸ್ತಾರ" ಎಂದರು ಅಂಬಾರಾಯ. "ಅಂಥಾದ್ರಾಗ ನಿಮ್ಮ ಹೆಸರಿಗಿ ಜಾಗಾ ಎಲ್ಲಿಂದ ತರ್ಲಿ?"

ಎರಡು ಸಾವಿರದ ಆರರಲ್ಲಿ ಒಂದು ವಾರ ಬರಬೇಕಿದ್ದ ಜಾಹೀರಾತು ಕೈಕೊಟ್ಟಿತು. ಅರ್ಧ ಪುಟ ಖಾಲಿ. ಅಂಬರನಾಥದ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಮೂವತ್ತು ವರ್ಷ ಅಡುಗೆ ಮಾಡಿದ್ದ ಜಟ್ಟೆಪ್ಪ ಎನ್ನುವವನು ಅದೇ ವಾರ ತೀರಿಕೊಂಡಿದ್ದ. ಅಂಬಾರಾಯ ಜಾನಕಿಯನ್ನು ಅಲ್ಲಿಗೆ ಅಟ್ಟಿದರು. ಜಟ್ಟೆಪ್ಪನ ಹೆಂಡತಿ ಮೊದಲು ಬಾಯಿಬಿಡಲಿಲ್ಲ. ಜಾನಕಿ ಅವಳ ಜೊತೆ ಕೂತು ಮೆಂತ್ಯೆ ಸೊಪ್ಪು ಬಿಡಿಸಿದಳು. ಅರ್ಧ ಕಟ್ಟು ಮುಗಿಯುವಾಗ ಆ ಹೆಂಗಸು ತಾನಾಗಿಯೇ ಹೇಳಿದಳು: ಎಂಟುನೂರು ಜನರ ಸಾರಿನ ಉಪ್ಪು ದಿನಾ ನೋಡುತ್ತಿದ್ದ ಗಂಡ ಮನೆಯಲ್ಲಿ ಒಂದು ದಿನವೂ ಉಪ್ಪು ಹೆಚ್ಚಾಯಿತು, ಕಡಿಮೆಯಾಯಿತು ಎಂದವನಲ್ಲ. ಹಾಕಿದ್ದು ಉಂಡು ಎದ್ದು ಹೋಗುತ್ತಿದ್ದ. ಅದು ಪ್ರೀತಿಯೋ ಬೇಸರವೋ ತನಗೆ ಕಡೆತನಕ ತಿಳಿಯಲಿಲ್ಲ.

ಜಾನಕಿ ಅದನ್ನೇ ಬರೆದಳು. ಕೆಳಗೆ 'ಜಾನಕಿ ಡೊಂಬಿವಲಿ' ಎಂದು ಅಚ್ಚಾಯಿತು. ಆ ವಾರ ಪತ್ರಿಕೆಯ ಕಚೇರಿಗೆ ಇಪ್ಪತ್ತಾರು ಫೋನು ಬಂದವು.

"ಅಕ್ಕೋರ, ನಿಮ್ಮ ಕೈಯಾಗ ಸಾವು ಚಲೋ ಕುಂದರ್ತದ" ಎಂದರು ಅಂಬಾರಾಯ. 'ಅಗಲಿದವರು' ಎಂದು ಅಂಕಣವೇ ಶುರುವಾಯಿತು.

ಹೆಸರು ಬೆಳೆಯುವುದಕ್ಕೆ ಹೆಚ್ಚು ದಿನ ಬೇಕಾಗಲಿಲ್ಲ. ಮುಂಬ್ರಾದಿಂದ ಕಲ್ಯಾಣದವರೆಗೆ, ಆಚೆ ನವಿಮುಂಬಯಿಯಲ್ಲಿ ವಾಶಿಯಿಂದ ಪನ್ವೇಲ್‌ವರೆಗೆ ಕನ್ನಡದವರ ಮನೆಯಲ್ಲಿ ಸಾವಾದರೆ ಡಾಕ್ಟರ ಸರ್ಟಿಫಿಕೇಟಿನ ಹಿಂದೆಯೇ ಜಾನಕಿಗೆ ಫೋನು ಹೋಗುತ್ತಿತ್ತು. ರೈಲಿನ ಲೇಡೀಸ್ ಡಬ್ಬಿಯಲ್ಲಿ ಗುರುತು ಹಿಡಿದು ಎದ್ದು ಸೀಟು ಕೊಟ್ಟವರಿದ್ದರು. "ನೀವು ಜಾನಕಿ ಡೊಂಬಿವಲಿ ಅಲ್ವಾ? ನಮ್ಮ ಮಾವನ ಬಗ್ಗೆ ಬರೆದದ್ದನ್ನು ಫ್ರೇಮ್ ಹಾಕಿಸಿದ್ದೇವೆ." ಅವಳು ಬೇಡ ಬೇಡವೆನ್ನುತ್ತಲೇ ಆ ಸೀಟಿನಲ್ಲಿ ಕೂರುತ್ತಿದ್ದಳು. ಮನೆಗೆ ಬಂದು ಶ್ರೀನಿಗೆ ಹೇಳುತ್ತಿದ್ದಳು, ಒಂದೊಂದು ಸಲ ಎರಡೆರಡು ಬಾರಿ.

ಕೆಲಸ ಕೈಗೆ ಹತ್ತಿತು. ದುಃಖದ ಮನೆಗೆ ಯಾವಾಗ ಹೋಗಬೇಕು ಎಂಬುದನ್ನು ಕಲಿತಳು. ಮೊದಲನೇ ದಿನ ಎಲ್ಲರೂ ಹೊಗಳುತ್ತಾರೆ, ಉಪಯೋಗವಿಲ್ಲ. ಮೂರನೇ ದಿನ ಸುಸ್ತಾಗಿರುತ್ತಾರೆ, ಸತ್ಯ ಬರುತ್ತದೆ. ಹಿರಿಯ ಮಗನನ್ನು ಕೇಳಿ ಪ್ರಯೋಜನವಿಲ್ಲ, ಸೊಸೆಯನ್ನು ಕೇಳಬೇಕು, ಅದೂ ಅಡುಗೆಮನೆಯಲ್ಲಿ. ಯಾರಾದರೂ ಅಳು ತಡೆದುಕೊಂಡರೆ "ಕೊನೇ ಸಲ ಅವರು ನಿಮ್ಮ ಹತ್ರ ಏನು ಕೇಳಿದ್ರು?" ಅಂದರೆ ಸಾಕು, ಕಟ್ಟೆ ಒಡೆಯುತ್ತದೆ. ಘಣಸೋಲಿಯಲ್ಲಿ ತಾಯಿಯನ್ನು ಕಳೆದುಕೊಂಡ ಹುಡುಗಿಯೊಬ್ಬಳು ಅದೇ ಪ್ರಶ್ನೆಗೆ, "ನೀರು ಕೇಳಿದ್ರು, ನಾನು ಮೊಬೈಲಲ್ಲಿದ್ದೆ, ಹತ್ತು ನಿಮಿಷ ಅಂದೆ" ಎಂದು ಬಿಕ್ಕಿದಳು. ಬರೆಯಬೇಡಿ ಆಂಟಿ ಎಂದು ಕೈಮುಗಿದಳು. ಜಾನಕಿ ಬರೆದಳು. ಹುಡುಗಿಯ ಹೆಸರು ಬದಲಿಸಿದ್ದೇನಲ್ಲ ಎಂದುಕೊಂಡಳು. ಆದರೆ ಸತ್ತವಳ ಹೆಸರು ಮೇಲೆಯೇ ದಪ್ಪಕ್ಷರದಲ್ಲಿತ್ತು, ಆಕೆಗೆ ಇದ್ದವಳು ಒಬ್ಬಳೇ ಮಗಳು. ಆ ಬರಹಕ್ಕೆ ಎಲ್ಲಕ್ಕಿಂತ ಹೆಚ್ಚು ಮೆಚ್ಚುಗೆ ಬಂತು. ಆ ಹುಡುಗಿ ಮನೆ ಬದಲಾಯಿಸಿದಳೆಂದು ಆಮೇಲೆ ಯಾರೋ ಹೇಳಿದರು.

ಹಾಗೆಯೇ ಇನ್ನೊಂದು ಹೆಸರೂ ಬೆಳೆಯಿತು. ಐರೋಲಿಯಲ್ಲಿ ಒಂದು ನಾಮಕರಣಕ್ಕೆ ಹೋದಾಗ, ತೊಟ್ಟಿಲ ಪಕ್ಕ ಕೂತಿದ್ದ ಮುದುಕರೊಬ್ಬರು ಅವಳನ್ನು ನೋಡಿದ ಕೂಡಲೇ ಎದ್ದು ಬಾಲ್ಕನಿಗೆ ಹೋದರು. ಊಟ ಮುಗಿಯುವವರೆಗೂ ಒಳಗೆ ಬರಲಿಲ್ಲ. ಬೈಪಾಸ್ ಮಾಡಿಸಿಕೊಂಡು ಬಂದವರು ಎಂದು ಆಮೇಲೆ ತಿಳಿಯಿತು. ಜಾನಕಿ ನಕ್ಕುಬಿಟ್ಟಳು. ಹೆಸರಿಲ್ಲದವಳಾಗಿದ್ದರೆ ಯಾರು ಏಳುತ್ತಿದ್ದರು?

ಎರಡು ಸಾವಿರದ ಹನ್ನೊಂದರಲ್ಲಿ ಅವಳ ಕಥೆಗಳು ಪುಸ್ತಕವಾದವು. ಹೆಸರು ಬಂದಾಯಿತು, ಇನ್ನು ಕಥೆಗಳನ್ನು ಓದದೆ ಏನು ಮಾಡುತ್ತಾರೆ ಎಂಬ ಧೈರ್ಯ. ಬಿಡುಗಡೆಗೆ ನೂರೈವತ್ತು ಜನ ಬಂದರು. ಪುಸ್ತಕ ತಿರುವಿ ಹಾಕಿದರು. "ಫೋಟೋ ಇಲ್ವಲ್ಲ?" ಎಂದು ಒಬ್ಬರು, "ಇದರಲ್ಲಿ ನಮ್ಮ ಅತ್ತಿಗೆಯದ್ದು ಬಂದಿದೆಯಾ?" ಎಂದು ಇನ್ನೊಬ್ಬರು. ಇದು ಕಥೆ, ಸತ್ತವರದ್ದಲ್ಲ ಎಂದು ತಿಳಿದ ಮೇಲೆ ಮೆಲ್ಲಗೆ ಕೆಳಗಿಟ್ಟು ಉಪ್ಪಿಟ್ಟಿನ ಕಡೆ ಹೋದರು.

ಓದಿದವರು ಒಬ್ಬರೇ. ವರ್ತಕ ನಗರದ ಕುಶಲ ಶೆಟ್ಟರು. ಥಾಣೆಯಲ್ಲಿ ಎರಡು ಹೋಟೆಲು, ಕನ್ನಡ ಸಂಘದ ಅಧ್ಯಕ್ಷಗಿರಿ, ಊರಿಗೆಲ್ಲ ಬೇಕಾದ ಮನುಷ್ಯ. ಬಿಡುಗಡೆಯಾಗಿ ಹತ್ತು ದಿನಕ್ಕೆ ಫೋನು ಮಾಡಿದರು.

"ನಿಮ್ಮ ಮೂರನೇ ಕಥೆಯಲ್ಲಿ ಆ ಹುಡುಗಿ ಬಸ್ಸಿಂದ ಇಳಿಯುವುದಿಲ್ಲ ಅಲ್ವಾ" ಎಂದರು. "ಗಂಡನ ಊರು ಬಂದ್ರೂ ಸುಮ್ಮನೆ ಕೂತೇ ಇರ್ತಾಳೆ. ಅದನ್ನು ಎರಡು ಸರ್ತಿ ಓದಿದೆ ಮಾರಾಯ್ರೆ. ಇಳಿದಿದ್ರೆ ಕಥೆ ಹಾಳಾಗ್ತಿತ್ತು."

ಫೋನು ಇಟ್ಟ ಮೇಲೆ ಜಾನಕಿ ನೆಲದ ಮೇಲೆ ಕೂತು ಅತ್ತಳು. ಬೇರೆಯವರನ್ನು ಅಳಿಸುತ್ತಿದ್ದವಳು ತಾನು ಅತ್ತು ಐದು ವರ್ಷವಾಗಿತ್ತು.

ಹದಿಮೂರರ ಚಳಿಗಾಲದಲ್ಲಿ ಅಂಬಾರಾಯ ಅವಳನ್ನು ಕಚೇರಿಗೆ ಕರೆಸಿದರು. ಬಾಗಿಲು ಮುಂದೆ ಮಾಡಿ ಕೂತರು.

"ಕುಶಲ ಶೆಟ್ಟರಿಗಿ ಕ್ಯಾನ್ಸರ್ ಅಂತ. ಹೊಟ್ಟಿ ತುಂಬ ಹಬ್ಬೇದ. ಡಾಕ್ಟರ್ ಮೂರು ತಿಂಗಳ ಹೇಳ್ಯಾರ, ಅವರಿಗಿ ಗೊತ್ತಿಲ್ಲ. ಮನಿಯವರು ಅಲ್ಸರ್ ಅಂತ ಹೇಳಿ ಇಟ್ಟಾರ."

ಜಾನಕಿ ಕೈಯಲ್ಲಿದ್ದ ಬ್ಯಾಗನ್ನು ನೆಲಕ್ಕಿಟ್ಟಳು.

"ಅವರು ತೀರಿಕೊಂಡ ವಾರ ಪೂರಾ ಸಂಚಿಕಿ ಅವರದೇ ಮಾಡೂನು. ಮುಖಪುಟದ ಮ್ಯಾಲ ನಿಮ್ಮ ಹೆಸರ. ಹೋಟೆಲಿನವರೆಲ್ಲ ಪ್ರತಿ ತಗೋತಾರ, ಊರಿಗಿ ಕಳಸ್ತಾರ. ಈಗೇ ಬರದ ಇಡ್ರಿ. ಆದ್ರ ಒಂದ್ಸಲ ಹೋಗಿ ಎರಡ ಮಾತ ತಗೊಂಡ ಬರ್ರಿ. ಇದ್ದಾಗಿನ ಮಾತಿಗಿ ಬ್ಯಾರೇನ ಕಿಮ್ಮತ್ತು."

"ಅವರು ನನ್ನ ಪುಸ್ತಕ ಓದಿದವರು ಸರ್" ಎಂದಳು ಜಾನಕಿ.

"ಹಂಗಾದ್ರ ಇನ್ನೂ ಚಲೋ ಆತು. ನಿಮ್ಮನ್ನ ಯಾಕ ಬಂದ್ರಿ ಅಂತ ಕೇಳಂಗಿಲ್ಲ."

ನಾಲ್ಕು ದಿನ ಅವಳು ಹೋಗಲಿಲ್ಲ. ಆದರೆ ಬರೆದಳು. ಕೈ ತಾನಾಗಿ ಓಡಿತು, ಎರಡು ಗಂಟೆಯಲ್ಲಿ ಮುಗಿಯಿತು. ಶ್ರೀನಿ ಅದನ್ನು ಮೇಜಿನ ಮೇಲೆ ನೋಡಿದ. ತಲೆಬರಹ ಓದಿದ. "ಇನ್ನೂ ಇದ್ದಾರಲ್ಲೇ" ಎಂದ. ಅವಳು ಹಾಳೆಗಳನ್ನು ಬೋರಲು ಹಾಕಿದಳು.

ಐದನೇ ದಿನ ಥಾಣೆಯಲ್ಲಿ ಇಳಿದು ರಿಕ್ಷಾ ಹಿಡಿದಳು. ಓದುಗರೊಬ್ಬರು ಕಾಯಿಲೆಯಲ್ಲಿದ್ದಾರೆ, ನೋಡಿ ಬರುವುದು ಧರ್ಮ ಎಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡಳು. ಹಾಳೆಗಳು ಬ್ಯಾಗಿನಲ್ಲೇ ಇದ್ದವು.

ಬಾಗಿಲು ತೆರೆದದ್ದು ಶೆಟ್ಟರ ಹೆಂಡತಿ ಪುಷ್ಪಾವತಿ. ಜಾನಕಿಯ ಮುಖ ನೋಡಿದ್ದೇ ಹೊರಗೆ ಬಂದು ಬಾಗಿಲನ್ನು ಹಿಂದಿನಿಂದ ಎಳೆದುಕೊಂಡರು.

"ನೀವು ಯಾಕೆ ಬಂದ್ರಿ?" ಪಿಸುಮಾತು. "ಯಾರು ಹೇಳಿದ್ರು ನಿಮಗೆ?"

"ಸುಮ್ಮನೆ ನೋಡ್ಕೊಂಡು ಹೋಗೋಣ ಅಂತ, ಪುಷ್ಪಕ್ಕ."

"ಅವರಿಗೆ ಗೊತ್ತಿಲ್ಲ. ಅಲ್ಸರ್ ಅಂತ ಹೇಳಿದ್ದೇವೆ. ಇವತ್ತು ಬೆಳಿಗ್ಗೆ ಎರಡು ಇಡ್ಲಿ ತಿಂದಿದ್ದಾರೆ. ಏಪ್ರಿಲಲ್ಲಿ ಊರಿಗೆ ಹೋಗುವ, ಟಿಕೆಟ್ ಮಾಡು ಅಂತ ಮಗನಿಗೆ ಹೇಳಿದ್ದಾರೆ." ಪುಷ್ಪಾವತಿ ಎರಡೂ ಕೈ ಜೋಡಿಸಿದರು. "ವಾರ ವಾರ ನಿಮ್ಮದನ್ನೇ ಮೊದಲು ಓದುವುದು ಅವರು. ನಿಮ್ಮನ್ನು ಕಂಡ್ರೆ ಏನಂತ ತಿಳೀಬೇಕು? ದಮ್ಮಯ್ಯ, ಹೋಗಿ. ಯಾರೂ ನೋಡುವ ಮೊದಲು ಹೋಗಿ."

ಒಳಗಿನಿಂದ ಶೆಟ್ಟರ ದನಿ ಕೇಳಿತು, ತುಳುವಿನಲ್ಲಿ. "ಏರ್ ಅವು?" ಯಾರದು ಎಂದು.

ಪುಷ್ಪಾವತಿ ಬಾಗಿಲ ಸಂದಿಗೆ ಮುಖ ಕೊಟ್ಟು, "ಏರ್‌ಲಾ ಇಜ್ಜಿ, ಕೊರಿಯರ್‌ದಾಯೆ" ಎಂದರು. ಯಾರೂ ಇಲ್ಲ, ಕೊರಿಯರಿನವನು.

ಇಪ್ಪತ್ತು ವರ್ಷ ಮುಂಬಯಿ ಸೀಮೆಯಲ್ಲಿದ್ದವಳಿಗೆ ಅಷ್ಟು ತುಳು ಅರ್ಥವಾಗುತ್ತಿತ್ತು. ಯಾರೂ ಇಲ್ಲ. ಮೆಟ್ಟಿಲು ಎರಡು ಹೆಜ್ಜೆ ದೂರವಿತ್ತು. ಇಳಿದು ಹೋಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆ ಮಾತು ಯಾಕೆ ಅಷ್ಟು ನಾಟಿತೋ ಜಾನಕಿಗೆ ಆಮೇಲೂ ತಿಳಿಯಲಿಲ್ಲ. ಲಕೋಟೆಯಲ್ಲಿ ವಾಪಸು ಬಂದ ಕಥೆಗಳೋ, ಕೆಳಗಿಟ್ಟು ಹೋದ ಪುಸ್ತಕಗಳೋ. ತನ್ನನ್ನು ಓದಿದ ಒಬ್ಬನೇ ಒಬ್ಬ ಮನುಷ್ಯ ಒಳಗಿದ್ದಾನೆ, ಅವನಿಗೆ ತಾನು ಯಾರೂ ಅಲ್ಲವೆಂದು ಹೇಳುತ್ತಿದ್ದಾರೆ.

"ನಾನು ಶೆಟ್ರೇ" ಎಂದಳು, ಗಟ್ಟಿಯಾಗಿ. "ಜಾನಕಿ."

ಒಳಗೆ ಟಿವಿ ನಡೆಯುತ್ತಿತ್ತು. ಅದರ ಸದ್ದು ನಿಂತಿತು. ಪುಷ್ಪಾವತಿಯ ಜೋಡಿಸಿದ ಕೈ ಹಾಗೆಯೇ ಇತ್ತು, ಬಿಡಿಸುವುದು ಮರೆತವರ ಹಾಗೆ. ಒಳಗಿನಿಂದ ಕನ್ನಡದಲ್ಲಿ, "ಬರ್ಲಿಕ್ಕೆ ಹೇಳು" ಎಂದರು ಶೆಟ್ಟರು.

ಅವರು ಅರ್ಧ ಇಳಿದುಹೋಗಿದ್ದರು. ದಿಂಬಿಗೆ ಒರಗಿ ಕೂತಿದ್ದರು, ಕೈಯಲ್ಲಿ ರಿಮೋಟು. ಅವಳನ್ನು ನೋಡಿದರು. ಆಮೇಲೆ ಬಾಗಿಲಲ್ಲಿ ನಿಂತ ಹೆಂಡತಿಯನ್ನು ನೋಡಿದರು. ಪುಷ್ಪಾವತಿ ಸೆರಗನ್ನು ಬಾಯಿಗೆ ತುರುಕಿಕೊಂಡು ಅಡುಗೆಮನೆಗೆ ಹೋದರು.

"ಅಲ್ಸರ್ ಅಲ್ಲ ಹಾಗಾದ್ರೆ" ಎಂದರು ಶೆಟ್ಟರು.

"ನಾನು ಸುಮ್ನೆ, ಹುಷಾರಿಲ್ಲ ಅಂತ ಕೇಳ್ದೆ…"

"ಬರೆದು ಆಯ್ತಾ?"

"ಇಲ್ಲ ಶೆಟ್ರೇ. ಹಾಗೆಲ್ಲ ಏನಿಲ್ಲ."

"ಬ್ಯಾಗಿಂದ ತೆಗಿರಿ ಮಾರಾಯ್ರೆ. ಮೂವತ್ತು ಚಿಲ್ಲರೆ ವರ್ಷ ಗಲ್ಲೆಯಲ್ಲಿ ಕೂತವ ನಾನು. ಯಾರು ತಿನ್ನಲಿಕ್ಕೆ ಬಂದವ, ಯಾರು ಸುಮ್ಮನೆ ಫ್ಯಾನಿನಡಿ ಕೂರ್ಲಿಕ್ಕೆ ಬಂದವ ಅಂತ ಬಾಗಿಲಲ್ಲೇ ಗೊತ್ತಾಗ್ತದೆ."

ಅವಳು ಕೊಟ್ಟಳು. ಕೊಡದೆ ಇರಬಹುದಿತ್ತು, ಕೊಟ್ಟಳು. ಅವರು ಕನ್ನಡಕ ಹಾಕಿಕೊಂಡು, ಬೆರಳನ್ನು ಸಾಲಿನಡಿ ಓಡಿಸುತ್ತ ಓದಿದರು. ಎರಡನೇ ಹಾಳೆಯಲ್ಲಿ ಬೆರಳು ನಿಂತಿತು.

"'ಹೋಟೆಲಿನ ದೀಪಕ್ಕಿಂತ ಮುಂಚೆ ಇವರ ನಗು ಹೊತ್ತಿಕೊಳ್ಳುತ್ತಿತ್ತು.' ಇದು ಕಲ್ಯಾಣದ ಆ ಬಟ್ಟೆ ಅಂಗಡಿಯವರಿಗೆ ಬರೆದದ್ದಲ್ವಾ? ಅಲ್ಲಿ ಅಂಗಡಿಯ ದೀಪ ಅಂತ ಇತ್ತು."

ಜಾನಕಿ ತಲೆ ತಗ್ಗಿಸಿದಳು.

"ನನಗೆ ಅಂತ ಒಂದು ಹೊಸ ಸಾಲು ಹುಟ್ಟಲಿಲ್ವಾ ನಿಮಗೆ?" ದನಿಯಲ್ಲಿ ಸಿಟ್ಟಿರಲಿಲ್ಲ. ಸಪ್ಪೆ ಚಹಾ ಬಂದಾಗ ಕೇಳುವವರ ಹಾಗೆ ಕೇಳಿದರು. "ಆ ಬಸ್ಸಿನ ಕಥೆ ಬರೆದವರು ನೀವೇನಾ?"

ಪೂರ್ತಿ ಓದಿದರು. ಹಾಳೆಗಳನ್ನು ನೀಟಾಗಿ ಮಡಚಿ ವಾಪಸು ಕೊಟ್ಟರು.

"ಹೋಟೆಲ್ ತೆರೆದದ್ದು ಎಪ್ಪತ್ತೆಂಟರಲ್ಲಿ ಅಲ್ಲ. ಎಪ್ಪತ್ತೊಂಬತ್ತು." ಆಮೇಲೆ ಕೇಳಿದರು, "ಎಷ್ಟು ದಿನ ಹೇಳಿದ್ದಾರೆ, ನಿಮಗಾದ್ರೂ ಗೊತ್ತುಂಟಾ?"

"ಗೊತ್ತಿಲ್ಲ" ಎಂದಳು.

ಅವರು ಅವಳ ಮುಖ ನೋಡಿದರು. ಇಲ್ಲಿಯೂ ಹೊಸತೇನೂ ಇಲ್ಲವೆಂಬಂತೆ ಕಣ್ಣು ತೆಗೆದರು. ಚಹಾ ಬರಲಿಲ್ಲ. ಅಡುಗೆಮನೆಯಿಂದ ಸದ್ದೇ ಇರಲಿಲ್ಲ. ಜಾನಕಿ ಎದ್ದು ಬಂದಳು. ರಿಕ್ಷಾದಲ್ಲಿ ಕೂತ ಮೇಲೆ ಪೆನ್ನು ತೆಗೆದು ಎಪ್ಪತ್ತೆಂಟನ್ನು ಎಪ್ಪತ್ತೊಂಬತ್ತು ಮಾಡಿದಳು.

ಅವತ್ತು ಮಧ್ಯಾಹ್ನದಿಂದಲೇ ಶೆಟ್ಟರು ಊಟ ಬಿಟ್ಟರು. ಮಾತ್ರೆ ಕೊಟ್ಟರೆ ಅಂಗೈಯಲ್ಲಿಟ್ಟುಕೊಂಡು, "ಇದು ಯಾವುದಕ್ಕೆ?" ಎಂದು ಕೇಳುತ್ತಿದ್ದರಂತೆ. ಮನೆಯವರು ಏನು ಹೇಳಿದರೂ ನಂಬುತ್ತಿರಲಿಲ್ಲವಂತೆ. ಮೂವತ್ತೈದು ವರ್ಷ ಬಾಳಿದ ಹೆಂಡತಿ ಇಷ್ಟು ದಿನ ತನಗೆ ಸುಳ್ಳು ಹೇಳಿದಳೆಂದು ಅವಳ ಜೊತೆ ಮಾತೂ ಬಿಟ್ಟರಂತೆ. ಒಂಬತ್ತನೇ ದಿನ ತೀರಿಕೊಂಡರು.

ಮಾಜಿವಾಡಾದ ಹಾಲಿನಲ್ಲಿ ಸಂತಾಪ ಸಭೆ ನಡೆಯಿತು. ವಿಶೇಷ ಸಂಚಿಕೆಯ ಕಟ್ಟುಗಳು ಬಾಗಿಲಲ್ಲೇ ಇದ್ದವು, ಮುಖಪುಟದಲ್ಲಿ ಶೆಟ್ಟರ ಫೋಟೋ, ಅದರ ಕೆಳಗೆ ಅವಳ ಹೆಸರು. ಜಾನಕಿ ಒಳಗೆ ಹೋದಾಗ ಹೆಂಗಸರ ಸಾಲಿನಲ್ಲಿ ಮಾತು ನಿಂತಿತು. ಪುಷ್ಪಾವತಿ ಬಿಳುಚಿದ ಮುಖ ಎತ್ತಿ ನೋಡಿದರು. ಎಲ್ಲರಿಗೂ ಕೇಳುವಷ್ಟೇ ದನಿಯಲ್ಲಿ ಹೇಳಿದರು:

"ಬನ್ನಿ, ಕೂತುಕೊಳ್ಳಿ. ಇಲ್ಲಿ ಇನ್ನು ಯಾರಾದ್ರೂ ಉಂಟಾ ನೋಡಿ."

ಪಕ್ಕದಲ್ಲಿ ಕೂತಿದ್ದ ಮುದುಕಿಯೊಬ್ಬಳು ಎದ್ದು ಎರಡು ಸಾಲು ಹಿಂದೆ ಹೋದಳು. ಶೆಟ್ಟರ ಮಗ ಅಕ್ಷಿತ್ ಬಂದು ಜಾನಕಿಯನ್ನು ಹೊರಗೆ ಕರೆದೊಯ್ದ. ಇಲ್ಲೇ ಹುಟ್ಟಿ ಬೆಳೆದ ಹುಡುಗ, ಕನ್ನಡ ಕೇಳಿಸಿಕೊಳ್ಳುತ್ತಾನೆ, ಆಡುವುದಿಲ್ಲ. "ಡಾಕ್ಟರ್ ನೇ ತೀನ್ ಮಹೀನಾ ಬೋಲಾ ಥಾ, ಆಂಟಿ" ಎಂದ. ಮೂರು ತಿಂಗಳು ಎಂದಿದ್ದರು. ಬೈಯಲಿಲ್ಲ. ಅವಳಿಗೆ ರಿಕ್ಷಾ ನಿಲ್ಲಿಸಿ ಕೊಟ್ಟು ಒಳಗೆ ಹೋದ.

ಸಂಚಿಕೆ ಮೂರು ದಿನದಲ್ಲಿ ಖಾಲಿಯಾಯಿತು, ಮತ್ತೆ ಅಚ್ಚಾಯಿತು. ಸಂಚಿಕೆಗಿಂತ ವೇಗವಾಗಿ ಪುಷ್ಪಾವತಿಯ ಮಾತು ಹಬ್ಬಿತು. ಸಾವಿನ ಮನೆಯವರು ಪತ್ರಿಕೆಗೆ ಫೋನು ಮಾಡಿ, "ಬೇರೆ ಯಾರನ್ನಾದ್ರೂ ಕಳಿಸಿ, ಆಯಮ್ಮ ಬೇಡ, ಮನೆಯಲ್ಲಿ ವಯಸ್ಸಾದವರಿದ್ದಾರೆ" ಎನ್ನತೊಡಗಿದರು. ಲೇಡೀಸ್ ಡಬ್ಬಿಯಲ್ಲಿ ಈಗಲೂ ಎದ್ದು ಸೀಟು ಬಿಡುತ್ತಿದ್ದರು, ಆದರೆ ಬಿಟ್ಟು ದೂರ ಹೋಗಿ ನಿಲ್ಲುತ್ತಿದ್ದರು. ಎರಡು ತಿಂಗಳು ಕಳೆದ ಮೇಲೆ ಅಂಬಾರಾಯ ಮತ್ತೆ ಕರೆಸಿದರು.

"ಅಕ್ಕೋರ, ಬರಹ ನಿಮ್ಮದೇ ಇರ್ಲಿ. ಹೆಸರ ಬ್ಯಾರೆ ಹಾಕೂನು. ಮುಕ್ತಾ ಅಂತ ಇಟ್ಕೋರಿ, ಚಂದ ಅದ."

"ಇಪ್ಪತ್ತು ವರ್ಷ ಸರ್, ಈ ಹೆಸರಿಗೆ."

"ಹೌದ್ರಿ. ಬಾಳ ದೊಡ್ಡ ಹೆಸರ ಮಾಡೀರಿ. ಅದಕ್ಕ ತ್ರಾಸ ಆಗ್ಯದ."

ಅವಳು ಒಪ್ಪಲಿಲ್ಲ. ಮುಂದಿನ ವಾರದಿಂದ ಮುಕ್ತಾ ಎಂಬ ಹೆಸರಿನಲ್ಲಿ ಬೇರೆ ಯಾರೋ ಬರೆದರು. ಜಟ್ಟೆಪ್ಪನ ಉಪ್ಪಿನ ಧಾಟಿಯಲ್ಲೇ ಬರೆದರು, ಚೆನ್ನಾಗಿಯೇ ಇತ್ತು.

ಫೋನುಗಳು ನಿಂತವು. ವರ್ಷ ಉರುಳಿತು. ಹಾಗಿರುವಾಗ ಒಂದು ಬೆಳಿಗ್ಗೆ ನೆರೂಲ್‌ನಿಂದ ಶ್ರೀವಿದ್ಯಾ ಎಂಬಾಕೆ ಫೋನು ಮಾಡಿದಳು. ಬೆಂಗಳೂರಿನವರು, ಗಂಡ ಹೆಂಡತಿ ಇಬ್ಬರೂ ಐಟಿ ಕೆಲಸದಲ್ಲಿದ್ದರು. ಮೆತ್ತಗಿನ, ತಿದ್ದಿದ ಮಾತು.

"ಜಾನಕಿ ಮೇಡಂ, ನಮ್ಮತ್ತೆ ನಿಮ್ಮ ಹೆಸರು ತುಂಬ ಕೇಳಿದ್ದಾರೆ. ಒಂದ್ಸಲ ಮನೆಗೆ ಬಂದು ಹೋಗೋಕಾಗುತ್ತಾ? ಅವರು ಹಾಸಿಗೆ ಹಿಡಿದಿದ್ದಾರೆ, ಎಲ್ಲೂ ಹೊರಗೆ ಬರೋಕಾಗಲ್ಲ."

"ಅವರು ಓದ್ತಾರಾ?" ಎಂದು ಕೇಳಿದಳು ಜಾನಕಿ. ದನಿ ತನ್ನದೇ ಅಲ್ಲವೇನೋ ಅನ್ನಿಸಿತು.

"ತುಂಬ ಓದ್ತಿದ್ರು."

ಜಾನಕಿ ಹೆಗಲ ಮೇಲಿನ ನೆರಿಗೆ ಸರಿಮಾಡಿ ಪಿನ್ನು ಹಾಕಿಕೊಂಡಳು. ಕಥೆಗಳ ಪುಸ್ತಕದ ಒಂದು ಪ್ರತಿಗೆ ಸಹಿ ಹಾಕಿದಳು. ಥಾಣೆಯಲ್ಲಿ ಗಾಡಿ ಬದಲಿಸಿ ನೆರೂಲ್‌ನಲ್ಲಿ ಇಳಿದಳು. ಏಳನೇ ಮಹಡಿ. ಶ್ರೀವಿದ್ಯಾ ನಗುನಗುತ್ತ ಒಳಗೆ ಕರೆದು ಕಾಫಿ ಕೊಟ್ಟಳು. ಹಾಲಿನ ಮೂಲೆಯಲ್ಲಿ ಆಸ್ಪತ್ರೆಯ ಮಂಚ, ಅದರ ಮೇಲೆ ಮುಷ್ಟಿಯಷ್ಟಾದ ಮುದುಕಿ. ಕಣ್ಣು ಕಾಣುತ್ತಿತ್ತು, ಕಿವಿ ಅಷ್ಟಾಗಿ ಕೇಳುತ್ತಿರಲಿಲ್ಲ.

"ಎರಡು ವರ್ಷ ಆಯ್ತು ಮೇಡಂ" ಎಂದಳು ಶ್ರೀವಿದ್ಯಾ, ಕಪ್ಪಿನ ಕೆಳಗೆ ಬಸಿ ಸರಿಪಡಿಸುತ್ತ. "ಅವರಿಗೂ ಹಿಂಸೆ, ನಮಗೂ. ನಾನು ಲೀವ್ ಹಾಕಿ ಹಾಕಿ ಪ್ರಮೋಷನ್ ಹೋಯ್ತು. ಡಾಕ್ಟರ್ ಕೇಳಿದ್ರೆ ಮನಸ್ಸು ಗಟ್ಟಿ ಇದೆ ಅಂತಾರೆ." ಆಮೇಲೆ ದನಿ ಇನ್ನಷ್ಟು ಮೆತ್ತಗಾಯಿತು. "ಥಾಣೆಯ ಶೆಟ್ಟರು ನೀವು ಹೋಗಿ ಬಂದ ಮೇಲೆ ಒಂಬತ್ತೇ ದಿನ ಅಂತೆ. ನಮ್ಮತ್ತೆಗೂ ಆ ವಿಷಯ ಗೊತ್ತು. ಆಗ ಇನ್ನೂ ಓದ್ತಿದ್ರು."

ಜಾನಕಿಯ ಕೈಯಲ್ಲಿ ಕಾಫಿ ಹಾಗೆಯೇ ಇತ್ತು. ಏಳಬೇಕೆಂದುಕೊಂಡಳು. ಅಷ್ಟರಲ್ಲಿ ಶ್ರೀವಿದ್ಯಾ ಮಂಚದ ಬಳಿ ಹೋಗಿ, ಅತ್ತೆಯ ತಲೆಗೂದಲನ್ನು ಹಿಂದಕ್ಕೆ ಸವರಿ, ಕಿವಿಗೆ ಬಾಯಿಟ್ಟು ಕೂಗಿ ಹೇಳಿದಳು: "ಅತ್ತೆ, ಜಾನಕಿ ಬಂದಿದ್ದಾರೆ. ಜಾನಕಿ ಡೊಂಬಿವಲಿ."

ಮುದುಕಿಗೆ ಮೊದಲು ತಿಳಿಯಲಿಲ್ಲ. ಶ್ರೀವಿದ್ಯಾ ಇನ್ನೊಮ್ಮೆ, ಅಕ್ಷರ ಅಕ್ಷರ ಬಿಡಿಸಿ ಹೇಳಿದಳು. ಆಗ ಮುದುಕಿ ಕತ್ತು ಹೊರಳಿಸಿ ಜಾನಕಿಯನ್ನು ನೋಡಿದಳು. ಒಣಗಿದ ಕೈ ಹೊದಿಕೆಯನ್ನು ಎದೆಯವರೆಗೆ ಎಳೆದುಕೊಂಡಿತು.

"ಇವತ್ತೇನಾ?" ಎಂದಳು.

ಜಾನಕಿ ಎದ್ದು ಹೋಗಿ ಮಂಚದ ಪಕ್ಕ ಬಗ್ಗಿದಳು. "ಇಲ್ಲಮ್ಮ. ನಾನು ಕಥೆ ಬರೆಯೋಳು. ಪುಸ್ತಕ ಕೊಡೋಕೆ ಬಂದೆ, ಅಷ್ಟೇ."

ಮುದುಕಿಗೆ ಕೇಳಿಸಿತೋ ಇಲ್ಲವೋ. ಪುಸ್ತಕವನ್ನು ಕೈಗೆ ಇಡಲು ಹೋದರೆ ಕೈ ಹಿಂದಕ್ಕೆ ಎಳೆದುಕೊಂಡಳು. ಕಣ್ಣಿನ ಕೊನೆಯಿಂದ ನೀರು ಕಿವಿಯ ಕಡೆಗೆ ಹರಿಯಿತು.

ಶ್ರೀವಿದ್ಯಾ ಬಾಗಿಲವರೆಗೆ ಬಂದಳು. ತಟ್ಟೆಯಲ್ಲಿ ಅರಿಶಿನ ಕುಂಕುಮ, ರವಿಕೆ ಕಣ, ತೆಂಗಿನಕಾಯಿ ಇಟ್ಟು ತಂದಿದ್ದಳು. "ಬಂದಿದ್ದಕ್ಕೆ ತುಂಬ ಉಪಕಾರ ಆಯ್ತು ಮೇಡಂ" ಎಂದಳು. ಜಾನಕಿ ಕುಂಕುಮ ಇಟ್ಟುಕೊಂಡಳು, ಕಾಯಿ ತಗೊಂಡಳು. ಲಿಫ್ಟು ಬರುವುದು ತಡವಾಯಿತು. ಅಷ್ಟು ಹೊತ್ತೂ ಇಬ್ಬರೂ ಬಾಗಿಲಲ್ಲಿ ನಿಂತು ನೆರೂಲ್‌ನ ನೀರಿನ ತೊಂದರೆಯ ಬಗ್ಗೆ ಮಾತಾಡಿದರು.